ಔಷಧದ ಚೀಟಿಯೂ ದಂಡಸಂಹಿತೆಯೂ

ನಮ್ಮ ಮನೆಗಳಲ್ಲಿ ಅತಿ ಹೆಚ್ಚು ಅಲಕ್ಷ್ಯಕ್ಕೆ ಗುರಿಯಾದ ಕಾಗದ ಯಾವುದು ಎಂದು ಯಾರಾದರೂ ಕೇಳಿದರೆ, ಡಾಕ್ಟರು ಬರೆದುಕೊಟ್ಟ ಔಷಧದ ಚೀಟಿ ಎಂದು ನಾನು ಹಿಂದುಮುಂದು ನೋಡದೆ ಹೇಳುತ್ತೇನೆ. ಜಮೀನಿನ ಪಹಣಿ ಕಬ್ಬಿಣದ ಪೆಟ್ಟಿಗೆಯಲ್ಲಿರುತ್ತದೆ. ಜಾತಕ ದೇವರ ಮನೆಯ ಗೂಡಿನಲ್ಲಿ. ಬ್ಯಾಂಕಿನ ಪುಸ್ತಕ ಸೀರೆಯ ಮಡಿಕೆಗಳ ನಡುವೆ. ಔಷಧದ ಚೀಟಿ ಮಾತ್ರ ಕ್ಯಾಲೆಂಡರಿನ ಮೊಳೆಗೆ ಸಿಕ್ಕಿಕೊಂಡಿರುತ್ತದೆ, ಇಲ್ಲವೆ ಹಾಲಿನ ಲೆಕ್ಕ ಬರೆಯುವುದಕ್ಕೆ ಒದಗುತ್ತದೆ. ಆದರೆ ಕಾನೂನಿನ ಕಣ್ಣಿಗೆ ಅದು ಅಷ್ಟು ಹಗುರವಾದ ಕಾಗದವಲ್ಲ. ಅದು ಒಂದು ದಸ್ತಾವೇಜು. ಅದರ ಮೇಲಿನ 10ರ ಮುಂದೆ ಇನ್ನೊಂದು ಸೊನ್ನೆ ಇಟ್ಟವನು, ಸಾಲಪತ್ರದಲ್ಲಿ ಸೊನ್ನೆ ಬೆಳೆಸಿದವನು ಬರುವ ಅಧ್ಯಾಯದ ಕೆಳಗೇ ಬರುತ್ತಾನೆ.

ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ವಿಧಿಸಿರುವ ಔಷಧಗಳನ್ನು ಸುಳ್ಳು ಹೇಳಿಯೋ, ಚೀಟಿಯನ್ನು ತಿದ್ದಿಯೋ, ಇನ್ನೊಬ್ಬರ ಹೆಸರನ್ನು ಮುಂದೊಡ್ಡಿಯೋ ಪಡೆದರೆ ಏನಾಗುತ್ತದೆ ಎಂಬುದು ಇಂದಿನ ನನ್ನ ಮಾತಿನ ವಿಷಯ. ಇದು ಕಳ್ಳಸಾಗಣೆಯವರ ಕಥೆಯಲ್ಲ. ಅವರ ವಿಚಾರ ಪತ್ರಿಕೆಗಳಲ್ಲಿ ಬೇಕಾದಷ್ಟು ಬರುತ್ತದೆ. ನಾನು ಹೇಳಹೊರಟಿರುವುದು ನಮ್ಮ ನಿಮ್ಮಂಥ ಮರ್ಯಾದಸ್ಥರ ಮಾತು. ನಿದ್ದೆ ಬಾರದವರ, ನೋವು ತಾಳಲಾರದವರ, ಒಂದು ಮಾತ್ರೆಯಿಂದ ಆರಂಭಿಸಿ ಅದನ್ನು ಬಿಡಲಾರದೆ ಹೋದವರ ಮಾತು. ವಕೀಲನಾಗಿ ನಾನು ಕಂಡಂತೆ, ಇಂಥವರು ತಾವು ಮಾಡಿದ್ದು ಅಪರಾಧವೆಂದು ನಂಬುವುದೇ ಇಲ್ಲ.

ಅವರಲ್ಲೊಬ್ಬರ ಸಂಗತಿಯನ್ನು, ಗುರುತು ಸಿಗದಷ್ಟು ಮಟ್ಟಿಗೆ ಬದಲಿಸಿ, ಹೇಳುತ್ತೇನೆ. ಅವರು ನಿವೃತ್ತ ಗುಮಾಸ್ತರು. ಪತ್ನಿ ಬಹುಕಾಲ ಹಾಸಿಗೆ ಹಿಡಿದಿದ್ದು ತೀರಿಕೊಂಡರು. ಆಕೆಯ ತಳಮಳಕ್ಕೆಂದು ಡಾಕ್ಟರು ಬರೆದುಕೊಟ್ಟಿದ್ದ ಆಲ್ಪ್ರಜೋಲಾಂ ಮಾತ್ರೆಗಳು ಮನೆಯಲ್ಲಿ ಉಳಿದಿದ್ದುವು. ವೈಕುಂಠ ಸಮಾರಾಧನೆ ಮುಗಿದು ನೆಂಟರಿಷ್ಟರು ಹೊರಟುಹೋದ ರಾತ್ರಿ ಇವರು ಅದರಲ್ಲೊಂದನ್ನು ನುಂಗಿದರು, ನಿದ್ದೆ ಬಂತು. ಮರುದಿನವೂ ನುಂಗಿದರು. ಉಳಿದದ್ದು ಮುಗಿದ ಮೇಲೆ ಪತ್ನಿಯ ಹೆಸರಿನ ಚೀಟಿಯನ್ನೇ ಹಿಡಿದು, ಪರಿಚಯವಿಲ್ಲದ ಇನ್ನೊಂದು ಬೀದಿಯ ಅಂಗಡಿಗೆ ಹೋದರು. ಅಂಗಡಿಯವರು ಸೌಜನ್ಯಕ್ಕೆ, “ಅಮ್ಮನವರಿಗೆ ಈಗ ಹೇಗಿದೆ, ರಾಯರೆ?” ಎಂದು ಕೇಳಿದರೆ ಇವರು, “ಹಾಗೇ ಇದೆ” ಎನ್ನುವರು. ತಿಂಗಳು ಕಳೆದು ಚೀಟಿ ಹಳೆಯದಾದಾಗ ತಾರೀಖನ್ನು ತಿದ್ದಿದರು. ಆಮೇಲೆ ಮಾತ್ರೆಯ ಸಂಖ್ಯೆಯನ್ನೂ. ಕಡೆಗೊಂದು ದಿನ ಅಂಗಡಿಯವರು ಅದೇ ಡಾಕ್ಟರನ್ನು ಯಾವುದೋ ಕಾರಣಕ್ಕೆ ಕಂಡಾಗ, ಆ ತಾಯಿ ತೀರಿಕೊಂಡು ವರ್ಷವಾಯಿತೆಂಬುದು ತಿಳಿಯಿತು. ಪೊಲೀಸರಿಗೆ ತಿಳಿಸಬೇಕಾಗುತ್ತದೆ ಎಂಬ ಮಾತು ಅವರ ಬಾಯಿಂದ ಬಂದದ್ದೇ ತಡ, ಗುಮಾಸ್ತರು ನನ್ನ ಮನೆಗೆ ಬಂದರು. ಬಂದು ಕುಳಿತು ಅವರು ಕೇಳಿದ ಪ್ರಶ್ನೆ ಇದು: “ಸ್ವಾಮಿ, ಪೂರಾ ದುಡ್ಡು ಕೊಟ್ಟಿದ್ದೇನೆ, ಒಂದು ಪೈಸೆ ಬಾಕಿಯಿಲ್ಲ. ನುಂಗಿದವನು ನಾನೇ. ಇದರಲ್ಲಿ ಮೋಸ ಹೋದವರು ಯಾರು?”

ಇದು ಉಡಾಫೆಯ ಪ್ರಶ್ನೆಯಲ್ಲ. ಕಾನೂನಿನ ವಿದ್ಯಾರ್ಥಿ ತಲೆ ಕೆಡಿಸಿಕೊಳ್ಳಬೇಕಾದ ಪ್ರಶ್ನೆ. ಅದಕ್ಕೆ ಉತ್ತರ ಹೇಳುವ ಮೊದಲು ಈ ಚೀಟಿ ಎಲ್ಲಿಂದ ಬಂತು, ಅದಕ್ಕೆ ಬೆಲೆ ಬಂದದ್ದು ಹೇಗೆ ಎಂಬುದನ್ನು ನೋಡೋಣ.

ಔಷಧಗಳ ಮಾರಾಟಕ್ಕೆ ನಮ್ಮ ದೇಶದಲ್ಲಿ ಕಟ್ಟುಪಾಡೇ ಇಲ್ಲದ ಕಾಲವೊಂದಿತ್ತು. ಕಲಬೆರಕೆ ಮದ್ದುಗಳ ಹಾವಳಿಯನ್ನು ವಿಚಾರಿಸಲು 1930ರಲ್ಲಿ ಕರ್ನಲ್ ಆರ್. ಎನ್. ಚೋಪ್ರಾ ಅವರ ಅಧ್ಯಕ್ಷತೆಯಲ್ಲಿ ಒಂದು ಸಮಿತಿ ನೇಮಕವಾಯಿತು. ಮರುವರ್ಷ ವರದಿ ಬಂತು. 1940ರಲ್ಲಿ ಔಷಧ ಕಾಯಿದೆ, 1945ರಲ್ಲಿ ಅದರ ನಿಯಮಗಳು. ಈ ಕಾಯಿದೆಯ ಸ್ವಾರಸ್ಯವೇನೆಂದರೆ, ಅದು ಮಾರುವವನಿಂದ ಕೊಳ್ಳುವವನನ್ನು ಕಾಪಾಡಲು ಹುಟ್ಟಿದ್ದು. ತಯಾರಕ ಕಲಬೆರಕೆ ಮಾಡಿಯಾನು, ಅಂಗಡಿಯವನು ಬಾರದ ಮದ್ದನ್ನು ಕೊಟ್ಟಾನು ಎಂಬ ಭಯ ಅದರ ಕಲಮು ಕಲಮಿನಲ್ಲಿಯೂ ಕಾಣುತ್ತದೆ. ಕೊಳ್ಳುವವನೇ ಅಂಗಡಿಯವನನ್ನು ಏಮಾರಿಸಿಯಾನು ಎಂಬ ಶಂಕೆಗೆ ಅದರಲ್ಲಿ ಹೆಚ್ಚು ಜಾಗವಿಲ್ಲ. ಆದ್ದರಿಂದ ಸುಳ್ಳು ಚೀಟಿ ಒಯ್ದವನನ್ನು ಹಿಡಿಯಲು ಈ ಕಾಯಿದೆಯನ್ನು ತಿರುವಿಹಾಕಿದರೆ, ಸಿಗುವ ಶಿಕ್ಷೆಗಳೆಲ್ಲ ಬಹುಮಟ್ಟಿಗೆ ಅಂಗಡಿಯವನ ಕಡೆಗೇ ಬೆರಳು ಮಾಡುತ್ತವೆ. ಕೊಳ್ಳುವವನ ಲೆಕ್ಕ ಬೇರೆ ಪುಸ್ತಕದಲ್ಲಿದೆ.

ಆದರೂ ಚೀಟಿಗೆ ಚೀಟಿತನವನ್ನು ಕೊಟ್ಟದ್ದು ಆ 1945ರ ನಿಯಮಗಳೇ. 65ನೆಯ ನಿಯಮವನ್ನು ಓದಿದರೆ ಒಂದು ಚಿಕ್ಕ ಕಾಗದದಿಂದ ಎಷ್ಟನ್ನು ನಿರೀಕ್ಷಿಸಿದ್ದಾರೆಂದು ಆಶ್ಚರ್ಯವಾಗುತ್ತದೆ. ಚೀಟಿ ಬರಹದಲ್ಲಿರಬೇಕು, ಬರೆದವರು ತಮ್ಮ ಎಂದಿನ ರುಜುವನ್ನೇ ಹಾಕಿ ತಾರೀಖು ಕಾಣಿಸಬೇಕು, ಯಾರ ಚಿಕಿತ್ಸೆಗೋ ಅವರ ಹೆಸರು, ವಿಳಾಸ ಇರಬೇಕು, ಒಟ್ಟು ಎಷ್ಟು ಮದ್ದು, ಒಂದು ಸಲಕ್ಕೆ ಎಷ್ಟು ಎಂಬುದಿರಬೇಕು. ಪುನಃ ಕೊಡಬಹುದೆಂದು ವೈದ್ಯರು ಬರೆಯದ ಹೊರತು ಒಂದು ಚೀಟಿಗೆ ಒಂದೇ ಸಲ ಮದ್ದು. ಕೊಟ್ಟ ಅಂಗಡಿಯವರು ವೈದ್ಯರ ರುಜುವಿನ ಮೇಲ್ಭಾಗದಲ್ಲಿ ತಮ್ಮ ಹೆಸರು, ವಿಳಾಸ, ಕೊಟ್ಟ ದಿನ ಇವನ್ನು ಗುರುತು ಮಾಡಬೇಕು. ಈ ಕಡೆಯ ನಿಯಮವನ್ನು ಪಾಲಿಸುವ ಅಂಗಡಿ ನಿಮ್ಮ ಊರಿನಲ್ಲಿ ಎಷ್ಟಿವೆ ಎಂದು ತಾವೇ ಒಮ್ಮೆ ಎಣಿಸಿ ನೋಡಬಹುದು.

ಔಷಧಗಳಲ್ಲಿಯೂ ತರತಮವಿದೆ. ಎಚ್ ಅನುಸೂಚಿಯ ಮದ್ದುಗಳಿಗೆ ಚೀಟಿ ಬೇಕು. ಅವುಗಳ ಪೊಟ್ಟಣದ ಮೇಲೆ ಆರ್‌ಎಕ್ಸ್ ಎಂಬ ಗುರುತೂ ಎಚ್ಚರಿಕೆಯ ಮಾತೂ ಇರುತ್ತವೆ. 2013ರಲ್ಲಿ ಪ್ರಕಟವಾಗಿ 2014ರ ಮಾರ್ಚ್ 1ರಿಂದ ಜಾರಿಗೆ ಬಂದ ಎಚ್-1 ಅನುಸೂಚಿಯಲ್ಲಿ ಕೆಲವು ಮೇಲ್ದರ್ಜೆಯ ಆಂಟಿಬಯಾಟಿಕ್ಕುಗಳು, ಕ್ಷಯದ ಮದ್ದುಗಳು, ಅವುಗಳ ಜೊತೆಗೆ ಆಲ್ಪ್ರಜೋಲಾಂ, ಡಯಾಜೆಪಾಂ, ನೈಟ್ರಜೆಪಾಂ, ಜೋಲ್ಪಿಡೆಂ, ಟ್ರಮಡಾಲ್, ಕೊಡೈನ್ ಮುಂತಾದ ಅಭ್ಯಾಸವಾಗಬಲ್ಲ ಮದ್ದುಗಳು ಸೇರಿವೆ. ಇವನ್ನು ಮಾರಿದಾಗ ವೈದ್ಯರ ಹೆಸರು ವಿಳಾಸ, ರೋಗಿಯ ಹೆಸರು, ಮದ್ದು, ಪರಿಮಾಣ ಎಲ್ಲವನ್ನೂ ಪ್ರತ್ಯೇಕ ಪುಸ್ತಕದಲ್ಲಿ ಬರೆದು ಮೂರು ವರ್ಷ ಕಾದಿಡಬೇಕು. ಅದಕ್ಕೂ ಮೇಲೆ ಎಕ್ಸ್ ಅನುಸೂಚಿ. ಅದರ ಮದ್ದಿಗೆ ಚೀಟಿ ಎರಡು ಪ್ರತಿಯಲ್ಲಿರಬೇಕು, ಒಂದು ಪ್ರತಿ ಎರಡು ವರ್ಷ ಅಂಗಡಿಯಲ್ಲಿರಬೇಕು, ಮದ್ದು ಬೀಗದೊಳಗಿರಬೇಕು. ಅಂದಮೇಲೆ, ಇಂಥ ಮದ್ದಿಗಾಗಿ ಹೇಳಿದ ಸುಳ್ಳು ಗಾಳಿಯಲ್ಲಿ ಹೋಗುವ ಸುಳ್ಳಲ್ಲ. ಹೇಳಿದವನ ಅರಿವಿಲ್ಲದೆಯೇ ಅದು ಒಂದು ಪುಸ್ತಕದಲ್ಲಿ ದಾಖಲಾಗಿ ಮೂರು ವರ್ಷ ಕಾಯುತ್ತದೆ. ಗುಮಾಸ್ತರ ಪತ್ನಿ ತೀರಿಕೊಂಡ ಮೇಲೆಯೂ ಆಕೆಯ ಹೆಸರು ತಿಂಗಳು ತಿಂಗಳೂ ಹಾಗೆ ದಾಖಲಾಗುತ್ತಲೇ ಇತ್ತು.

ಈಗ ಅವರ ಪ್ರಶ್ನೆಗೆ ಬರೋಣ. ಮೋಸ ಹೋದವರು ಯಾರು?

ವಂಚನೆಯ ಅಪರಾಧವನ್ನು ನಾವು ಬಹುಕಾಲ 420 ಎಂಬ ಸಂಖ್ಯೆಯಿಂದ ಬಲ್ಲೆವು. 1860ರ ದಂಡಸಂಹಿತೆಯ ಆ ಕಲಮು ಆಡುಮಾತಿನ ಬೈಗುಳವೇ ಆಗಿಹೋಯಿತು. 2024ರ ಜುಲೈ 1ರಿಂದ ಆ ಸಂಹಿತೆಯ ಸ್ಥಾನದಲ್ಲಿ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಹಳೆಯ 420 ಈಗ 318ನೆಯ ಕಲಮಿನ 4ನೆಯ ಉಪಕಲಮು. ನಮ್ಮ ಬೈಗುಳಕ್ಕೆ ಈ ಸುದ್ದಿ ಇನ್ನೂ ಮುಟ್ಟಿಲ್ಲ, ಮುಟ್ಟುವ ಲಕ್ಷಣವೂ ಕಾಣೆ. ಹೆಸರು ಬದಲಾದರೂ ತಿರುಳು ಅದೇ. ಒಬ್ಬನಿಗೆ ಸುಳ್ಳನ್ನು ನಂಬಿಸಿ, ಅಪ್ರಾಮಾಣಿಕವಾಗಿ, ಅವನ ಕೈಯಿಂದ ಸ್ವತ್ತನ್ನು ಕೊಡುವಂತೆ ಮಾಡಿದರೆ ಅದು ವಂಚನೆ. ಏಳು ವರ್ಷಗಳವರೆಗೆ ಸೆರೆವಾಸ, ಜೊತೆಗೆ ಜುಲ್ಮಾನೆ. ಇಷ್ಟೇ ಆಗಿದ್ದರೆ ಗುಮಾಸ್ತರ ವಾದಕ್ಕೆ ಸ್ವಲ್ಪ ಬಲವಿರುತ್ತಿತ್ತು. ಅಂಗಡಿಯವರು ಮಾತ್ರೆ ಕೊಟ್ಟರು, ಬೆಲೆ ಪಡೆದರು, ನಷ್ಟವೆಲ್ಲಿ? ಆದರೆ ವಂಚನೆಯ ವ್ಯಾಖ್ಯೆಗೆ ಇನ್ನೊಂದು ಮುಖವಿದೆ. ಸುಳ್ಳನ್ನು ನಂಬದಿದ್ದರೆ ಮಾಡದಿರುತ್ತಿದ್ದ ಕೆಲಸವನ್ನು ಒಬ್ಬನಿಂದ ಮಾಡಿಸಿ, ಅದರಿಂದ ಅವನ ದೇಹಕ್ಕೋ ಮನಸ್ಸಿಗೋ ಕೀರ್ತಿಗೋ ಸ್ವತ್ತಿಗೋ ಹಾನಿಯಾದರೆ, ಹಾನಿಯಾಗುವ ಸಂಭವವಿದ್ದರೂ ಸಾಕು, ಅದೂ ವಂಚನೆಯೇ. ಇದರ ಶಿಕ್ಷೆ ಮೂರು ವರ್ಷಗಳವರೆಗೆ. ತಪ್ಪು ಚೀಟಿಗೆ ಮದ್ದು ಕೊಟ್ಟ ಅಂಗಡಿಯವರ ಪರವಾನಗಿ ಅಮಾನತ್ತಾಗಬಹುದು, ರದ್ದಾಗಬಹುದು. ಅದೇ ಅವರ ಅನ್ನ. ಗುಮಾಸ್ತರ ಸುಳ್ಳು ಅವರ ಅನ್ನದ ಮೇಲೆ ಕಲ್ಲಿಟ್ಟಿತ್ತು.

ಈ ವಿಷಯದಲ್ಲಿ ದಾರಿ ತೋರಿಸುವ ಒಂದು ತೀರ್ಪಿದೆ. ಅದರಲ್ಲಿ ಔಷಧದ ಪ್ರಸ್ತಾಪವಿಲ್ಲ; ಇರುವುದು ಒಂದು ಕಾರಿನ ಪ್ರಸ್ತಾಪ. ಡಾಕ್ಟರ್ ವಿಮಲಾ ಎಂಬವರು ಒಂದು ಆಸ್ಟಿನ್ ಕಾರನ್ನು ನಳಿನಿ ಎಂಬ ಹೆಸರಿನಲ್ಲಿ ಕೊಂಡರು. ನಳಿನಿ ಎಂಬುದು ಅವರ ಮಗಳ ಹೆಸರು; ಆಗ ಕೂಸಿಗೆ ಆರು ತಿಂಗಳೋ ಏನೋ. ವಿಮೆಯೂ ಅದೇ ಹೆಸರಿಗೆ. ಕಾರಿಗೆ ಅಪಘಾತವಾದಾಗ ಪರಿಹಾರ ಕೇಳಿದರು, ಕಾಗದಗಳ ಮೇಲೆ ನಳಿನಿ ಎಂದು ತಾವೇ ರುಜು ಹಾಕಿದರು, ಹಣ ಪಡೆದರು. ಸುಳ್ಳು ದಸ್ತಾವೇಜೆಂದು ಮೊಕದ್ದಮೆ ನಡೆಯಿತು. 1962ರಲ್ಲಿ ಸುಪ್ರೀಂ ಕೋರ್ಟು ಆಕೆಯನ್ನು ಬಿಡುಗಡೆ ಮಾಡಿತು. ನ್ಯಾಯಾಲಯ ಹೇಳಿದ್ದರ ಸಾರಾಂಶ ಇಷ್ಟು: ವಂಚಿಸುವ ಉದ್ದೇಶ ಎಂದರೆ ಬರಿಯ ಸುಳ್ಳಲ್ಲ; ಸುಳ್ಳಿನ ಜೊತೆಗೆ ಒಬ್ಬರಿಗೆ ಹಾನಿಯೂ ಸೇರಬೇಕು. ಹಾನಿ ಎಂದರೆ ಹಣದ ನಷ್ಟವೇ ಆಗಬೇಕೆಂದೇನೂ ಇಲ್ಲ. ಆದರೆ ಈಕೆಗೆ ಆ ಸುಳ್ಳಿನಿಂದ ಬಂದ ಲಾಭವಿಲ್ಲ, ಕಂಪನಿಗೆ ಆದ ಕೇಡಿಲ್ಲ. ತನ್ನ ಹೆಸರಿನಲ್ಲಿಯೇ ಕೇಳಿದ್ದರೂ ಅಷ್ಟೇ ಹಣ ಸಿಗುತ್ತಿತ್ತು.

ಈ ಕಡೆಯ ಮಾತೇ ನಮಗೆ ಒರೆಗಲ್ಲು. ತನ್ನ ನಿಜವಾದ ಹೆಸರಿನಲ್ಲಿ, ನಿಜವಾದ ತಾರೀಖಿನಲ್ಲಿ ಕೇಳಿದ್ದರೆ ಅದೇ ವಸ್ತು ಸಿಗುತ್ತಿತ್ತೆ? ವಿಮಲಾ ಅವರಿಗೆ ಸಿಗುತ್ತಿತ್ತು. ಗುಮಾಸ್ತರಿಗೆ ಸಿಗುತ್ತಿರಲಿಲ್ಲ. ಅವರ ಹೆಸರಿನಲ್ಲಿ ಯಾವ ವೈದ್ಯರೂ ಆ ಮಾತ್ರೆಯನ್ನು ಬರೆದಿರಲಿಲ್ಲ. ಸುಳ್ಳಿಗೂ ಸಿಕ್ಕ ವಸ್ತುವಿಗೂ ನಡುವೆ ನೇರವಾದ ಸಂಬಂಧವಿತ್ತು. ಬೆಲೆ ತೆತ್ತದ್ದರಿಂದ ಆ ಸಂಬಂಧ ಕಡಿಯುವುದಿಲ್ಲ. ಏಕೆಂದರೆ ಇಂಥ ಮದ್ದು ಹಣಕ್ಕೆ ಮಾರುವ ವಸ್ತುವೇ ಅಲ್ಲ. ಹಣ ಮತ್ತು ಚೀಟಿ ಎರಡಕ್ಕೂ ಸೇರಿಸಿ ಮಾರುವ ವಸ್ತು. ಎರಡರಲ್ಲಿ ಒಂದನ್ನು ಖೋಟಾ ಕೊಟ್ಟವನು ಖೋಟಾ ನೋಟು ಕೊಟ್ಟವನಿಗಿಂತ ಎಷ್ಟು ದೂರ? ನಾನು ಗುಮಾಸ್ತರಿಗೆ ಹೀಗೆಯೇ ಹೇಳಿದೆ. ಅವರು ಬಹಳ ಹೊತ್ತು ಮಾತನಾಡಲಿಲ್ಲ.

ತಾರೀಖು ತಿದ್ದಿದ್ದು ಬೇರೆಯೇ ಅಪರಾಧ. ಒಮ್ಮೆ ರುಜುವಾದ ದಸ್ತಾವೇಜಿನ ಮುಖ್ಯವಾದ ಭಾಗವನ್ನು ಅಧಿಕಾರವಿಲ್ಲದೆ, ವಂಚಿಸುವ ಉದ್ದೇಶದಿಂದ ಬದಲಿಸುವುದು ಸುಳ್ಳು ದಸ್ತಾವೇಜಿನ ಸೃಷ್ಟಿ ಎಂದು 335ನೆಯ ಕಲಮು ಹೇಳುತ್ತದೆ. ಇಡೀ ಚೀಟಿಯನ್ನು ಹುಟ್ಟಿಸಬೇಕಾಗಿಲ್ಲ. ಒಂದು ಅಂಕಿ ಸಾಕು. ವಂಚನೆಗಾಗಿ ಹಾಗೆ ಮಾಡಿದರೆ 336ನೆಯ ಕಲಮಿನಲ್ಲಿ ಏಳು ವರ್ಷಗಳವರೆಗೆ ಶಿಕ್ಷೆ. ತಾನು ತಿದ್ದದೆ, ಬೇರೆಯವರು ತಿದ್ದಿದ್ದೆಂದು ತಿಳಿದೂ ಅಂಗಡಿಯಲ್ಲಿ ಕೊಟ್ಟವನಿಗೂ 340ನೆಯ ಕಲಮಿನಂತೆ ಅದೇ ಶಿಕ್ಷೆ. ಅಣ್ಣ ತಿದ್ದಿದ ಚೀಟಿಯನ್ನು ತಿಳಿದೂ ಒಯ್ಯುವ ತಮ್ಮಂದಿರು ಇದನ್ನು ನೆನಪಿಡಬೇಕು. ನಾನೇ ಡಾಕ್ಟರು ಎಂದು ಅಂಗಡಿಗೆ ಟೆಲಿಫೋನು ಮಾಡಿದವನು, ಇನ್ನೊಬ್ಬ ರೋಗಿಯ ಹೆಸರು ಹೇಳಿ ವೈದ್ಯರ ಮುಂದೆ ಕುಳಿತವನು, ಇವರು ತಾನಲ್ಲದವನನ್ನು ತಾನೆಂದು ಹೇಳಿ ಮಾಡುವ ವಂಚನೆಗೆ ಸೇರುತ್ತಾರೆ. ಇದಕ್ಕೆ ಹಿಂದೆ ಮೂರು ವರ್ಷಗಳವರೆಗಿದ್ದ ಶಿಕ್ಷೆಯನ್ನು ಹೊಸ ಸಂಹಿತೆ ಐದಕ್ಕೆ ಏರಿಸಿದೆ.

ವೈದ್ಯರಿಗೇ ಸುಳ್ಳು ಹೇಳುವುದು? ಒಬ್ಬ ಡಾಕ್ಟರಲ್ಲಿ ಪಡೆದದ್ದನ್ನು ಮುಚ್ಚಿಟ್ಟು ಇನ್ನೊಬ್ಬರಲ್ಲಿಯೂ ಅದೇ ಮದ್ದನ್ನು ಬರೆಯಿಸಿಕೊಳ್ಳುವುದು? ಇಲ್ಲಿ ಚೀಟಿ ಅಸಲಿ, ರುಜು ಅಸಲಿ, ಹೇಳಿದ ರೋಗ ಮಾತ್ರ ನಕಲಿ. ನಮ್ಮಲ್ಲಿ ಇದಕ್ಕೆಂದೇ ಪ್ರತ್ಯೇಕವಾದ ಹೆಸರಿನ ಅಪರಾಧವಿಲ್ಲ. ವಂಚನೆಯ ಸಾಮಾನ್ಯ ಕಲಮಿಗೇ ಜೋತುಬೀಳಬೇಕು, ರುಜುವಾತುಪಡಿಸುವುದೂ ಕಷ್ಟ. ಅಮೆರಿಕದವರು ಈ ವಿಷಯದಲ್ಲಿ ಬಾಯಿಬಿಟ್ಟು ಮಾತನಾಡಿದ್ದಾರೆ. ಅವರ 1970ರ ಕಾಯಿದೆ ನಿಯಂತ್ರಿತ ಮದ್ದನ್ನು ತಪ್ಪು ಹೇಳಿಕೆ, ಮೋಸ, ಖೋಟಾ, ಕಪಟಗಳಿಂದ ಪಡೆಯುವುದನ್ನೇ ಒಂದು ಅಪರಾಧವೆಂದು ಹೆಸರಿಸಿ, ಮೊದಲ ಸಲಕ್ಕೆ ನಾಲ್ಕು ವರ್ಷಗಳವರೆಗೆ ಸೆರೆವಾಸ ವಿಧಿಸಿದೆ. ಹೆಸರಿಟ್ಟರೆ ಸ್ಪಷ್ಟತೆ ಬರುತ್ತದೆ, ನಿಜ. ಆದರೆ ಯಾತನೆಯಿಂದ ನರಳುವವನು ಇನ್ನೊಬ್ಬ ವೈದ್ಯರ ಬಾಗಿಲು ತಟ್ಟಿದರೂ ಅಪರಾಧಿಯಂತೆ ಕಾಣತೊಡಗುತ್ತಾನೆ. ನಮ್ಮ ಸಂಹಿತೆಯ ಮೌನವೇ ಮೇಲೆಂದು ನನಗೆ ಅನೇಕ ಸಲ ಅನಿಸಿದೆ.

ಇಲ್ಲಿಯವರೆಗೆ ಹೇಳಿದ್ದು ಸುಳ್ಳಿನ ಲೆಕ್ಕ. ಇನ್ನು ಮದ್ದಿನ ಲೆಕ್ಕ. ಗುಮಾಸ್ತರಿಗೆ ನಿಜವಾಗಿ ಭಯವಾಗಬೇಕಾಗಿದ್ದುದು ಇದರಿಂದ.

1985ರ ನವೆಂಬರ್ 14ರಂದು ಜಾರಿಗೆ ಬಂದ ಮಾದಕ ವಸ್ತುಗಳ ಕಾಯಿದೆಯನ್ನು ಎನ್.ಡಿ.ಪಿ.ಎಸ್. ಎಂಬ ಅಕ್ಷರಗಳಿಂದ ಎಲ್ಲರೂ ಬಲ್ಲರು. ಗಾಂಜಾ, ಅಫೀಮು, ಹೆರಾಯಿನ್ನುಗಳ ಕಾಯಿದೆ ಅದು ಎಂದು ನಮ್ಮ ತಿಳಿವಳಿಕೆ. ಆದರೆ ಆಲ್ಪ್ರಜೋಲಾಂ, ಡಯಾಜೆಪಾಂ, ನೈಟ್ರಜೆಪಾಂಗಳೂ ಮನಸ್ಸಿನ ಮೇಲೆ ಪರಿಣಾಮ ಮಾಡುವ ಪದಾರ್ಥಗಳೆಂದು ಅದರ ಪಟ್ಟಿಯಲ್ಲಿವೆ. ನೋವಿಗೆ ಕೊಡುವ ಟ್ರಮಡಾಲ್ 2018ರಲ್ಲಿ ಸೇರಿತು. ಇವನ್ನು ಕೊಳ್ಳುವುದು, ಇಟ್ಟುಕೊಳ್ಳುವುದು ಎರಡೂ ನಿಷಿದ್ಧ. ವೈದ್ಯಕೀಯ ಅಥವಾ ವೈಜ್ಞಾನಿಕ ಉದ್ದೇಶಕ್ಕಾಗಿ, ನಿಯಮಗಳು ಹೇಳಿದ ರೀತಿಯಲ್ಲಿ ಮಾತ್ರ ಅನುಮತಿ. ಔಷಧ ಕಾಯಿದೆ ಒಂದಿದೆಯಲ್ಲ, ಅದರ ಕೆಳಗೆ ಮಾತ್ರ ವಿಚಾರಿಸಿ ಎಂದು ಕೇಳಿಕೊಳ್ಳುವಂತಿಲ್ಲ. ಎರಡೂ ಒಟ್ಟಿಗೆ ಅನ್ವಯಿಸುತ್ತವೆ ಎಂದು ಪಂಜಾಬಿನ ಮೊಕದ್ದಮೆಯೊಂದರಲ್ಲಿ ಸುಪ್ರೀಂ ಕೋರ್ಟು 2018ರ ಡಿಸೆಂಬರಿನಲ್ಲಿ ಹೇಳಿತು.

ಸ್ವಂತ ಚಿಕಿತ್ಸೆಗೆ ಒಬ್ಬ ವ್ಯಕ್ತಿ ಇಟ್ಟುಕೊಳ್ಳಬಹುದಾದ ಮಿತಿಯನ್ನು ಈ ಕಾಯಿದೆಯ ನಿಯಮಗಳು ಹೇಳಿವೆ: ಒಂದು ಸಲಕ್ಕೆ 100 ಮಾತ್ರೆ, ದೀರ್ಘಕಾಲದ ಚಿಕಿತ್ಸೆಗೆ ವೈದ್ಯರು ನಿರ್ದಿಷ್ಟವಾಗಿ ಬರೆದುಕೊಟ್ಟಿದ್ದರೆ 300. ಆದರೆ ಅಗತ್ಯ ನಿಜವಾಗಿರಬೇಕು. ಸತ್ತವರ ಹೆಸರಿನ ಚೀಟಿ ಈ ನಿಜವನ್ನು ಎಲ್ಲಿಂದ ತಂದುಕೊಟ್ಟೀತು?

ಶಿಕ್ಷೆಯ ಪ್ರಮಾಣ ತೂಕವನ್ನು ಅವಲಂಬಿಸುತ್ತದೆ. ಆಲ್ಪ್ರಜೋಲಾಂಗೆ 5 ಗ್ರಾಂವರೆಗೆ ಅಲ್ಪ ಪ್ರಮಾಣ. ಅದಕ್ಕೆ ಒಂದು ವರ್ಷದವರೆಗೆ ಕಠಿಣ ಸಜೆ, ಅಥವಾ 10,000 ರೂಪಾಯಿವರೆಗೆ ಜುಲ್ಮಾನೆ, ಅಥವಾ ಎರಡೂ. 100 ಗ್ರಾಂ ಮೀರಿದರೆ ವ್ಯಾಪಾರದ ಪ್ರಮಾಣ. ಹತ್ತು ವರ್ಷಕ್ಕೆ ಕಡಮೆಯಿಲ್ಲದೆ ಇಪ್ಪತ್ತು ವರ್ಷದವರೆಗೆ. ನಡುವಿನದಕ್ಕೆ ಹತ್ತು ವರ್ಷದವರೆಗೆ ಸಜೆ, ಒಂದು ಲಕ್ಷದವರೆಗೆ ಜುಲ್ಮಾನೆ. ಅರ್ಧ ಮಿಲಿಗ್ರಾಂ ಮಾತ್ರೆಗೆ 5 ಗ್ರಾಂ ಎಂದರೆ ಸಾವಿರಾರು ಮಾತ್ರೆಯಾಯಿತಲ್ಲ ಎಂದು ಯಾರಿಗಾದರೂ ಸಮಾಧಾನವಾದೀತು. ಆಗಬಾರದು. ಹೀರಾಸಿಂಗ್ ಮೊಕದ್ದಮೆಯಲ್ಲಿ 2020ರ ಏಪ್ರಿಲ್ ತಿಂಗಳಲ್ಲಿ ಸುಪ್ರೀಂ ಕೋರ್ಟು ಕೊಟ್ಟ ತೀರ್ಪಿನಂತೆ, ಮಾದಕ ಅಂಶವನ್ನಷ್ಟೇ ತೂಗುವುದಲ್ಲ, ಅದರ ಜೊತೆಗೆ ಬೆರೆತ ನಿರಪಾಯ ವಸ್ತುವನ್ನೂ ಸೇರಿಸಿಯೇ ತೂಗಬೇಕು. ಮಾತ್ರೆಯಲ್ಲಿ ಮದ್ದು ಎಳ್ಳಷ್ಟು, ಹಿಟ್ಟು ಬೆಟ್ಟದಷ್ಟು. ಒಂದು ಮಾತ್ರೆ 100 ಮಿಲಿಗ್ರಾಂ ತೂಗುತ್ತದೆಂದು ಇಟ್ಟುಕೊಳ್ಳಿ. 50 ಮಾತ್ರೆಗೆ 5 ಗ್ರಾಂ ಆಯಿತು. 150 ಮಾತ್ರೆ ಕೂಡಿಟ್ಟವನ ಬಳಿ ನಿಜವಾದ ಮದ್ದು 75 ಮಿಲಿಗ್ರಾಂ ಇರಬಹುದು. ಕಾನೂನಿನ ತಕ್ಕಡಿಯಲ್ಲಿ ಅದು 15 ಗ್ರಾಂ. ಬೀದಿಯಲ್ಲಿ ಮಾರುವ ಪುಡಿಯನ್ನು ಮನಸ್ಸಿನಲ್ಲಿಟ್ಟುಕೊಂಡು ನೋಡಿದರೆ ಈ ತೀರ್ಪಿನ ತರ್ಕ ಅರ್ಥವಾಗುತ್ತದೆ. ಆದರೆ ನಿದ್ದೆಗೆಟ್ಟ ಮುದುಕರೊಬ್ಬರ ದಿಂಬಿನ ಕೆಳಗಿನ ಹಾಳೆಗಳಿಗೂ ಅದೇ ತಕ್ಕಡಿ ಎನ್ನುವಾಗ ನನ್ನ ಮನಸ್ಸು ಒಪ್ಪುವುದಿಲ್ಲ. ಒಪ್ಪದಿದ್ದರೂ ಕಾನೂನು ಸದ್ಯಕ್ಕೆ ಅದೇ.

ಅಂಗಡಿಯವರ ಪಾಲನ್ನೂ ಹೇಳದೆ ಬಿಡುವುದು ನ್ಯಾಯವಲ್ಲ. ನಮ್ಮ ಊರುಗಳಲ್ಲಿ ಇಂಥ ಮದ್ದಿಗಾಗಿ ಸುಳ್ಳು ಹೇಳುವ ಶ್ರಮವೇ ಬೇಕಾಗದ ಅಂಗಡಿಗಳಿವೆ. ಹೆಸರು ಹೇಳಿದರೆ ಹಾಳೆ ಕೈಗೆ ಬರುತ್ತದೆ. ಅಲ್ಲಿ ವಂಚನೆಯ ಪ್ರಶ್ನೆ ಏಳುವುದಿಲ್ಲ, ಮೋಸ ಹೋದವರಿಲ್ಲವಲ್ಲ. ಚೀಟಿಯಿಲ್ಲದೆ ಮಾರಿದವರು ಔಷಧ ಕಾಯಿದೆಯ 27ನೆಯ ಕಲಮಿಗೆ ಸಿಕ್ಕುತ್ತಾರೆ. ಸಾಮಾನ್ಯವಾಗಿ ಒಂದರಿಂದ ಎರಡು ವರ್ಷ ಸಜೆ, 20,000 ರೂಪಾಯಿಗೆ ಕಡಮೆಯಿಲ್ಲದ ಜುಲ್ಮಾನೆ. ಕೊಂಡವರಿಗೆ ಎನ್.ಡಿ.ಪಿ.ಎಸ್. ಕಾಯಿದೆ ಹೇಗೂ ಕಾದಿದೆ. ಕಟ್ಟುನಿಟ್ಟಾದ ಅಂಗಡಿಯವನು ಮೋಸಕ್ಕೆ ಒಳಗಾಗುತ್ತಾನೆ, ಸಡಿಲನಾದವನಿಗೆ ಆ ಭಯವಿಲ್ಲ ಎಂಬುದು ಈ ವ್ಯವಹಾರದ ವಿಪರ್ಯಾಸ.

ಕಾನೂನಿನ ಬಿಗಿ ಎಷ್ಟಿರಬೇಕು ಎಂಬುದು ಸುಲಭವಾದ ಮಾತಲ್ಲ. 1985ರ ಕಾಯಿದೆಯ ಕಾಠಿಣ್ಯಕ್ಕೆ ಹೆದರಿ ಎಷ್ಟೋ ಆಸ್ಪತ್ರೆಗಳು ಮಾರ್ಫಿನ್ ಇಡುವುದನ್ನೇ ಬಿಟ್ಟುಬಿಟ್ಟವು. ಅರ್ಬುದ ರೋಗದ ಕಡೆಯ ದಿನಗಳನ್ನು ಕಳೆಯುತ್ತಿದ್ದವರು, ಯಾರೋ ಎಲ್ಲೋ ಮಾಡಿದ ಮೋಸದ ದಂಡವನ್ನು ತಮ್ಮ ಮೂಳೆಗಳಿಂದ ತೆರಬೇಕಾಯಿತು. 2014ರಲ್ಲಿ ಕಾಯಿದೆಗೆ ತಿದ್ದುಪಡಿಯಾಗಿ, ಮಾರ್ಫಿನ್ ಮುಂತಾದ ಆರು ಔಷಧಗಳನ್ನು ಅಗತ್ಯ ಮಾದಕ ಔಷಧಗಳೆಂದು ಗುರುತಿಸಿ, ಆಸ್ಪತ್ರೆಗಳಿಗೆ ಅವು ದೊರೆಯುವ ದಾರಿಯನ್ನು ಸರಳಗೊಳಿಸಿದರು. ಚೀಟಿ ತಿದ್ದುವವನ ವಿಷಯದಲ್ಲಿ ನಾನು ಪೂರ್ತಿ ಮೃದುವಾಗಲಾರದಿರುವುದು ಈ ರೋಗಿಗಳ ನೆನಪಿನಿಂದ. ಹೆದರಿದ ವೈದ್ಯರು ಬರೆಯುವುದನ್ನೇ ನಿಲ್ಲಿಸುತ್ತಾರೆ.

ಹಾಗಾದರೆ ಬಿಡಲಾರದ ಚಟಕ್ಕೆ ಸಿಕ್ಕಿದವನು ರೋಗಿಯೋ ಅಪರಾಧಿಯೋ? ನಮ್ಮ ಕಾನೂನು ಎರಡು ಬಾಯಿಯಿಂದ ಉತ್ತರಿಸುತ್ತದೆ. 2017ರ ಮಾನಸಿಕ ಆರೋಗ್ಯ ಕಾಯಿದೆ ಮದ್ಯ ಮತ್ತು ಮಾದಕ ವಸ್ತುಗಳ ದುರ್ಬಳಕೆಯಿಂದ ಬಂದ ಮಾನಸಿಕ ಸ್ಥಿತಿಯನ್ನು ಕಾಯಿಲೆಯ ವ್ಯಾಖ್ಯೆಯೊಳಗೇ ಸೇರಿಸಿದೆ. ಕಠೋರವೆನಿಸಿಕೊಂಡ ಎನ್.ಡಿ.ಪಿ.ಎಸ್. ಕಾಯಿದೆಯಲ್ಲಿಯೂ 64-ಎ ಎಂಬ ಒಂದು ಕಲಮಿದೆ. ಅಲ್ಪ ಪ್ರಮಾಣದ ಅಥವಾ ಸೇವನೆಯ ಆರೋಪ ಹೊತ್ತ ವ್ಯಸನಿ ತಾನಾಗಿಯೇ ಸರ್ಕಾರದ ಇಲ್ಲವೆ ಸರ್ಕಾರದ ಮಾನ್ಯತೆ ಪಡೆದ ಆಸ್ಪತ್ರೆಯಲ್ಲಿ ಚಿಕಿತ್ಸೆಗೆ ಸೇರಿದರೆ ಅವನ ಮೇಲಿನ ಆ ಮೊಕದ್ದಮೆ ನಡೆಯುವುದಿಲ್ಲ. ಚಿಕಿತ್ಸೆಯನ್ನು ಪೂರ್ತಿ ಮಾಡಬೇಕೆಂಬುದು ಷರತ್ತು. ಅರ್ಧಕ್ಕೆ ಬಿಟ್ಟರೆ ರಕ್ಷಣೆ ಹಿಂದಕ್ಕೆ ಹೋಗಬಹುದು. ಈ ಕಲಮಿನ ಸುದ್ದಿ ಮನೆಮನೆಗೆ ಮುಟ್ಟಿಲ್ಲ. ಮುಟ್ಟಿದ್ದರೆ ಎಷ್ಟೋ ಜನ ವಕೀಲರ ಮನೆಗಿಂತ ಮೊದಲು ಆಸ್ಪತ್ರೆಗೆ ಹೋಗುತ್ತಿದ್ದರು.

ಆದರೆ ಒಂದು ಸೂಕ್ಷ್ಮವನ್ನು ಗಮನಿಸಬೇಕು. 64-ಎ ಕ್ಷಮಿಸುವುದು ಮದ್ದಿನ ಅಪರಾಧವನ್ನು ಮಾತ್ರ. ತಿದ್ದಿದ ಚೀಟಿ ನ್ಯಾಯ ಸಂಹಿತೆಯ ಅಪರಾಧವಾಗಿ ಹಾಗೆಯೇ ಉಳಿಯುತ್ತದೆ. ವಂಚನೆಯನ್ನಾದರೂ ಮೋಸಹೋದವರು ನ್ಯಾಯಾಲಯದ ಅನುಮತಿ ಪಡೆದು ರಾಜಿ ಮಾಡಿಕೊಳ್ಳಬಹುದು. ಖೋಟಾ ದಸ್ತಾವೇಜಿಗೆ ಹಾಗೆ ರಾಜಿಯ ದಾರಿಯನ್ನು ಕೊಟ್ಟಿಲ್ಲ. ಮೊದಲ ಸಲ ತಪ್ಪಿದವರನ್ನು ಸೆರೆಮನೆಗೆ ಕಳಿಸದೆ ಸನ್ನಡತೆಯ ಮುಚ್ಚಳಿಕೆಯ ಮೇಲೆ ಬಿಡಲು 1958ರ ಕಾಯಿದೆಯೊಂದು ನ್ಯಾಯಾಧೀಶರಿಗೆ ಅಧಿಕಾರ ಕೊಟ್ಟಿದೆ. ವಯಸ್ಸು, ನಡತೆ, ಸನ್ನಿವೇಶ ನೋಡಿ ಅದನ್ನು ಬಳಸಬಹುದು. ಆದರೆ ಅದು ಅಪರಾಧಿ ಎಂದು ತೀರ್ಮಾನವಾದ ಮೇಲಿನ ಕರುಣೆ.

ಗುಮಾಸ್ತರ ವಿಷಯ ಅಲ್ಲಿಯವರೆಗೆ ಹೋಗಲಿಲ್ಲ. ಅಂಗಡಿಯವರು ಪೊಲೀಸರಿಗಿಂತ ಮೊದಲು ಡಾಕ್ಟರಿಗೆ ಹೇಳಿದರು. ಡಾಕ್ಟರು ಇವರನ್ನು ಕರೆಸಿಕೊಂಡರು. ಈ ಮಾತ್ರೆಯನ್ನು ಬಹುಕಾಲ ನುಂಗಿದವರು ಒಮ್ಮೆಗೇ ನಿಲ್ಲಿಸಿದರೆ ಅಪಸ್ಮಾರದಂಥ ಸೆಳೆತಗಳು ಬರಬಹುದಂತೆ. ಆದ್ದರಿಂದ ವಾರ ವಾರಕ್ಕೂ ಕಾಲು ಮಾತ್ರೆ, ಅರ್ಧ ಮಾತ್ರೆ ಇಳಿಸುತ್ತ ಬಂದರು. ಈ ಸಲ ಚೀಟಿ ಅವರ ಹೆಸರಿನಲ್ಲಿಯೇ ಇತ್ತು. ಪ್ರತಿಯೊಬ್ಬರಿಗೂ ಇಂಥ ಅಂಗಡಿಯವರು, ಇಂಥ ಡಾಕ್ಟರು ಸಿಗುತ್ತಾರೆಂದು ನಾನು ಭರವಸೆ ಕೊಡಲಾರೆ.

ಕಡೆಯದಾಗಿ, ಈ ವಿಷಯವೆತ್ತಿದಾಗಲೆಲ್ಲ ಗೃಹಸ್ಥರು ನನ್ನನ್ನು ಕೇಳುವ ಒಂದು ಸಂದೇಹ. ಊರಿನಲ್ಲಿರುವ ತಾಯಿಗೆ ನಿದ್ದೆಯ ಮಾತ್ರೆಯನ್ನು ನಾನೇ ಇಲ್ಲಿ ಕೊಂಡು ಒಯ್ಯುತ್ತೇನೆ, ಚೀಟಿ ಅವರ ಹೆಸರಿನದು, ಕೈ ನನ್ನದು, ಇದೂ ಅಪರಾಧವೆ? ಅಲ್ಲ. ಚೀಟಿಯಲ್ಲಿ ರೋಗಿಯ ಹೆಸರು ವಿಳಾಸ ಇರಬೇಕೆಂದು 65ನೆಯ ನಿಯಮ ಹೇಳುತ್ತದೆಯೇ ಹೊರತು, ಹಾಸಿಗೆ ಹಿಡಿದ ರೋಗಿಯೇ ಎದ್ದು ಅಂಗಡಿಗೆ ಬರಬೇಕೆಂದು ಹೇಳುವುದಿಲ್ಲ. ತಾಯಿಗೆಂದು ಹೇಳಿ ಕೊಂಡಿರಿ, ತಾಯಿಗೇ ಕೊಟ್ಟಿರಿ, ಅಲ್ಲಿ ಸುಳ್ಳಿಲ್ಲ. ಚೀಟಿಯನ್ನು ಮಾತ್ರ ಮನೆಯಲ್ಲಿ ಬಿಡದೆ ಮಾತ್ರೆಯ ಜೊತೆಗೇ ಇಟ್ಟುಕೊಂಡು ಬಸ್ಸು ಹತ್ತಿ. ಅಂಗಡಿಯ ರಸೀತಿಯೂ ಜೊತೆಗಿದ್ದರೆ ಒಳ್ಳೆಯದು. ವೈದ್ಯರು ಬರೆದಷ್ಟನ್ನೇ ಕೊಳ್ಳಿ. ಹೊಸ ಚೀಟಿ ಬಂದಾಗ ಹಳೆಯದನ್ನು ಹರಿದುಹಾಕಿ.